ಅರ್ಜಿಯಲ್ಲಿ ಹಿಡಿಸದ ಅಹವಾಲು

ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದ ಮೇಲೆ ನಮ್ಮಲ್ಲಿ ಅವರ ಬಗ್ಗೆ ಆಡಿದ ಮಾತಿಗೆ ಲೆಕ್ಕವಿಲ್ಲ. ಕನ್ನಡದ ಕೃತಿಗೆ ಈ ಪ್ರಶಸ್ತಿ ಬಂದದ್ದು ಮೊದಲ ಸಲ, ಸಣ್ಣಕತೆಗಳ ಸಂಕಲನಕ್ಕೆ ಬಂದದ್ದೂ ಮೊದಲ ಸಲ ಎಂಬ ಹೆಮ್ಮೆ ಒಂದು ಕಡೆ. ಅದೇ ವರ್ಷ ಅವರು ಮೈಸೂರು ದಸರಾ ಉದ್ಘಾಟಿಸಬಾರದೆಂದು ಹೈಕೋರ್ಟಿಗೂ, ಅಲ್ಲಿ ವಜಾ ಆದ ಮೇಲೆ ಸುಪ್ರೀಂ ಕೋರ್ಟಿಗೂ ಹೋದ ಅರ್ಜಿ ಇನ್ನೊಂದು ಕಡೆ. ಅಲ್ಲೂ ಅದು ವಜಾ ಆಯಿತು, ಅವರು ದಸರಾ ಉದ್ಘಾಟಿಸಿದರು. ಆದರೆ ಹೆಮ್ಮೆಪಟ್ಟವರೂ ತಕರಾರು ತೆಗೆದವರೂ ಮಾತಾಡಿದ್ದು ಬಹುಪಾಲು ಅವರು ಯಾರು ಎಂಬುದರ ಬಗ್ಗೆಯೇ. ಮುಸ್ಲಿಂ ಲೇಖಕಿ, ಹೋರಾಟಗಾರ್ತಿ, ಬಂಡಾಯದ ದನಿ. ಈ ಮಾತುಗಳೆಲ್ಲ ನಿಜ, ಆದರೆ ಇವುಗಳಲ್ಲಿ ಒಂದೂ ಅವರ ಕತೆ ಹೇಗೆ ಹುಟ್ಟುತ್ತದೆ ಎಂಬುದನ್ನು ವಿವರಿಸುವುದಿಲ್ಲ. ನನಗೆ ಕಾಣುವಂತೆ ಅವರ ಕತೆಗಾರಿಕೆಯ ಮೂಲ ಇರುವುದು ವಕೀಲೆಯ ಕಿವಿಯಲ್ಲಿ. ಹೆಣ್ಣೊಬ್ಬಳು ತನ್ನ ಬದುಕನ್ನು ಹೇಳಿಕೊಂಡಾಗ ಅದರಲ್ಲಿ ಸ್ವಲ್ಪ ಭಾಗ ಮಾತ್ರ ಕೋರ್ಟಿನ ಅರ್ಜಿಗೆ ಬೇಕಾಗುತ್ತದೆ. ಕಾನೂನಿಗೆ ಬೇಡವಾಗಿ, ಹೊರಗುಳಿದ ಆ ದೊಡ್ಡ ಭಾಗದಿಂದ ಬಾನು ಕತೆ ಕಟ್ಟುತ್ತಾರೆ.

ಈ ಕಿವಿ ಒಂದೇ ದಿನದಲ್ಲಿ ತಯಾರಾದದ್ದಲ್ಲ. 1948ರಲ್ಲಿ ಹಾಸನದಲ್ಲಿ ಹುಟ್ಟಿದ ಅವರ ಮನೆಮಾತು ಉರ್ದು. ಎಂಟರ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮ ಶಾಲೆಗೆ ಸೇರಿದಾಗ, ಆರು ತಿಂಗಳೊಳಗೆ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತು ಹಾಕಿಯೇ ಸೇರಿಸಿಕೊಂಡಿದ್ದರು. ಮನೆಯಲ್ಲಿ ಕೇಳುವ ಮಾತು ಒಂದು, ಬರೆಯುವ ಮಾತು ಇನ್ನೊಂದು ಆದವರಿಗೆ ಮಾತಿನ ದನಿಯ ಬಗ್ಗೆ ಎಚ್ಚರ ಹೆಚ್ಚು. ಮುಂದೆ ಲಂಕೇಶ್ ಪತ್ರಿಕೆಗೆ ವರದಿಗಾರ್ತಿ, ಹಾಸನದ ಪುರಸಭೆಯಲ್ಲಿ ಚುನಾಯಿತ ಸದಸ್ಯೆ, ಆಮೇಲೆ ವಕೀಲೆ. ಮೂರೂ ಬೇರೆಯವರ ಅಹವಾಲು ಕೇಳಿಸಿಕೊಳ್ಳುವ ಕೆಲಸಗಳೇ. 1979ರಲ್ಲಿ ಆರಂಭವಾದ ಬಂಡಾಯ ಸಾಹಿತ್ಯ ಸಂಘಟನೆ ತಮ್ಮವರ ಬದುಕನ್ನು ತಾವೇ ಬರೆಯಿರಿ ಎಂದು ಶೂದ್ರ, ದಲಿತ, ಮುಸ್ಲಿಂ ಬರಹಗಾರರಿಗೆ ಧೈರ್ಯ ಕೊಟ್ಟ ಕಾಲದಲ್ಲಿ ಅವರ ಬರವಣಿಗೆ ಗಟ್ಟಿಯಾಯಿತು. ತಮ್ಮ ಬರವಣಿಗೆಯ ಬಗ್ಗೆ ಅವರು ಬುಕರ್ ಸಂದರ್ಭದ ಸಂದರ್ಶನದಲ್ಲಿ ಹೇಳಿದ್ದು ಇಷ್ಟು: ತಾನು ದೊಡ್ಡ ಸಂಶೋಧನೆ ಮಾಡುವವಳಲ್ಲ, ತನ್ನ ಹೃದಯವೇ ತನ್ನ ಅಧ್ಯಯನದ ನೆಲ, ಘಟನೆ ಎಷ್ಟು ತೀವ್ರವಾಗಿ ತಟ್ಟಿತೋ ಬರವಣಿಗೆಯೂ ಅಷ್ಟೇ ಆಳವಾಗುತ್ತದೆ. ಇದನ್ನು ಭಾವುಕ ಹೇಳಿಕೆ ಎಂದು ಬದಿಗಿಡುವವರಿದ್ದಾರೆ. ಆದರೆ ಅದೇ ಸಂದರ್ಶನದಲ್ಲಿ ಅವರು ತಮ್ಮ ಪ್ರೇರಣೆಯ ಮೂಲಗಳನ್ನೂ ಹೆಸರಿಸಿದ್ದಾರೆ: ದಿನನಿತ್ಯ ವರದಿಯಾಗುವ ಘಟನೆಗಳು ಮತ್ತು ತಾವು ಅನುಭವಿಸಿದ್ದು. ಅಂದರೆ ಹೃದಯಕ್ಕೆ ತಟ್ಟುವ ಮೊದಲು ಅದು ಕಿವಿಗೆ ಬಿದ್ದಿರುತ್ತದೆ. ದಶಕಗಳ ಕಾಲ ದಿನವೂ ಬಿದ್ದಿದೆ. ಅಷ್ಟು ಕೇಳಿಸಿಕೊಂಡವರಿಗೆ ಪ್ರತ್ಯೇಕ ಸಂಶೋಧನೆ ಏಕೆ ಬೇಕು?

‘ಎದೆಯ ಹಣತೆ’ಯನ್ನೇ ನೋಡೋಣ. ಇಂಗ್ಲಿಷ್ ಸಂಕಲನಕ್ಕೆ ಹೆಸರು ಕೊಟ್ಟ ಕತೆ ಅದು. ಗಂಡ ಇನಾಯತ್ ಬೇರೊಬ್ಬಳ ಸಹವಾಸ ಮಾಡಿದ್ದಾನೆಂದು ಮೆಹರುನ್ ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ತವರಿನವರು ಅವಳನ್ನು ಉಳಿಸಿಕೊಳ್ಳುವುದಿಲ್ಲ. ಮನೆತನದ ಮಾನದ ಬಗ್ಗೆ ಕಾಳಜಿ ಇದ್ದಿದ್ದರೆ ಅಲ್ಲೇ ಸುಟ್ಟುಕೊಂಡು ಸಾಯುತ್ತಿದ್ದೆ, ಇಲ್ಲಿಗೆ ಬರುತ್ತಿರಲಿಲ್ಲ ಎಂಬ ಅರ್ಥದ ಮಾತು ಒಡಹುಟ್ಟಿದವನ ಬಾಯಲ್ಲೇ ಬರುತ್ತದೆ. ಅವಳನ್ನು ಮತ್ತೆ ಗಂಡನ ಮನೆಗೆ ಬಿಟ್ಟುಬರುತ್ತಾರೆ. ಇದೇ ಹೆಂಗಸು ವಕೀಲರ ಕಚೇರಿಗೆ ಬಂದರೆ ಏನಾಗುತ್ತದೆ? ಮದುವೆಯ ತಾರೀಖು, ಮಕ್ಕಳ ವಯಸ್ಸು, ಗಂಡನ ಸಂಬಳ, ಮೆಹರ್, ಜೀವನಾಂಶವಾಗಿ ಕೇಳುವ ಮೊತ್ತ, ಇಷ್ಟು ಬರೆದುಕೊಳ್ಳುತ್ತಾರೆ. ಒಡಹುಟ್ಟಿದವನ ಆ ಮಾತಿಗೆ ಯಾವ ಕಲಂ ಹಾಕುವುದು? ಓದುತ್ತಿದ್ದ ಹುಡುಗಿಯನ್ನು ಕಾಲೇಜು ಬಿಡಿಸಿ ಮದುವೆ ಮಾಡಿದ್ದಕ್ಕೆ ಯಾರನ್ನು ಪ್ರತಿವಾದಿ ಮಾಡುವುದು? ತಾನು ಹುಟ್ಟಿದ ಮನೆಯಲ್ಲೇ ಹೊರಗಿನವಳಂತೆ ಕೂತ ಗಳಿಗೆಗೆ ಸಾಕ್ಷಿ ಯಾರು? ಕೊನೆಗೆ ಮೆಹರುನ್ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ, ಹಿರಿಯ ಮಗಳು ಸಲ್ಮಾ ಬಂದು ತಡೆಯುತ್ತಾಳೆ. ಸಾವು ಆಗಿದ್ದರೆ ಪೊಲೀಸರು ಬರುತ್ತಿದ್ದರು, ಮಹಜರು ಆಗುತ್ತಿತ್ತು, ಪ್ರಚೋದನೆ ಕೊಟ್ಟವರು ಯಾರೆಂಬ ಪ್ರಶ್ನೆ ಏಳುತ್ತಿತ್ತು. ಸಾವು ಆಗದ್ದರಿಂದ ಕಾಗದದ ಮೇಲೆ ಏನೂ ನಡೆದೇ ಇಲ್ಲ. ಆ ರಾತ್ರಿಯ ದಾಖಲೆ ಕತೆಯೊಂದೇ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯ ನಾದಿರಾ ಮಸೀದಿಯ ಕೊಳದಲ್ಲಿ ಜೀವ ಬಿಡುತ್ತಾಳೆ; ಆ ದುರಂತ ಓದುಗರನ್ನು ಇಡಿಯಾಗಿ ಅಲ್ಲಾಡಿಸುತ್ತದೆ. ಬಾನು ಅವರ ಕತೆ ದುರಂತದ ಹಿಂದಿನ ಹೆಜ್ಜೆಯಲ್ಲಿ ನಿಲ್ಲುತ್ತದೆ, ಮರುದಿನ ಬೆಳಗಾಗುವ ಹೆಣ್ಣಿನ ಕಡೆ ನೋಡುತ್ತದೆ. ಕಕ್ಷಿದಾರರಲ್ಲಿ ಬಹುಪಾಲು ಹೆಂಗಸರು ಹೀಗೆ ಬದುಕಿ ಉಳಿದವರೇ.

ಬಾನು ಅವರ ಕತೆಗಳಲ್ಲಿ ಅಹವಾಲು ಮೊದಲು ಮುಟ್ಟುವ ನ್ಯಾಯಸ್ಥಾನ ಸರ್ಕಾರದ ಕೋರ್ಟಲ್ಲ. ಮೊಹಲ್ಲಾ, ಜಮಾತ್, ಮಸೀದಿಯ ಆಡಳಿತ ನೋಡುವ ಮುತವಲ್ಲಿ. ‘ಕರಿ ನಾಗರಗಳು’ ಕತೆಯ ಅಶ್ರಫ್ ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಯಾಕೂಬ್ ಕೈಬಿಟ್ಟವಳು. ಕಾಯಿಲೆ ಬಿದ್ದ ಕೂಸನ್ನು ಮಡಿಲಲ್ಲಿಟ್ಟುಕೊಂಡು ನ್ಯಾಯ ಕೇಳಲು ಅವಳು ಮಸೀದಿಯ ಅಂಗಳದಲ್ಲಿ ಕೂರುತ್ತಾಳೆ. ಗಿರೀಶ್ ಕಾಸರವಳ್ಳಿಯವರು 2004ರಲ್ಲಿ ತೆಗೆದ ‘ಹಸೀನಾ’ ಚಿತ್ರಕ್ಕೆ ಇದೇ ಆಧಾರ. ಗಮನಿಸಬೇಕಾದದ್ದು ಅವಳು ಯಾವ ಆಧಾರದ ಮೇಲೆ ಕೂರುತ್ತಾಳೆ ಎಂಬುದು. ಓದಿಕೊಂಡ ಜುಲೇಖಾ ಬೇಗಂ ಧರ್ಮಗ್ರಂಥವೇ ಹೆಣ್ಣಿಗೆ ಕೊಟ್ಟಿರುವ ಹಕ್ಕುಗಳನ್ನು ಅವಳಿಗೆ ತಿಳಿಸಿಕೊಟ್ಟಿದ್ದಾಳೆ. ‘ಬೆಂಕಿ ಮಳೆ’ಯಲ್ಲಿ ಮುತವಲ್ಲಿ ಉಸ್ಮಾನ್ ಸಾಹೇಬರ ತಂಗಿ ತಂದೆಯ ಆಸ್ತಿಯಲ್ಲಿ ಪಾಲು ಕೇಳಲು ಬರುತ್ತಾಳೆ, ಅವಳು ಕೇಳುತ್ತಿರುವುದೂ ಷರೀಅತ್ ತನಗೆ ಕೊಟ್ಟ ಪಾಲನ್ನೇ. ಅಂದರೆ ಈ ಹೆಂಗಸರು ಧರ್ಮದ ಎದುರು ನಿಂತವರಲ್ಲ, ಧರ್ಮದ ಹೆಸರಿನಲ್ಲಿ ಅಧಿಕಾರ ಹಿಡಿದು ಅದರ ಒಂದು ಪುಟವನ್ನು ಮುಚ್ಚಿಟ್ಟವರ ಎದುರು ನಿಂತವರು. ಕೆಳಗಿನ ಕೋರ್ಟಿನಲ್ಲಿ ನ್ಯಾಯ ಸಿಗದಿದ್ದರೆ ಮೇಲ್ಮನವಿ ಹಾಕುವುದು ವಕೀಲರ ದಾರಿ. ‘ಒಮ್ಮೆ ಹೆಣ್ಣಾಗು ಪ್ರಭುವೇ’ ಅಂಥದೊಂದು ಮೇಲ್ಮನವಿ. ಮಧ್ಯದ ಮೌಲ್ವಿ, ಮುತವಲ್ಲಿ, ಗಂಡ ಯಾರನ್ನೂ ಲೆಕ್ಕಿಸದೆ ಹೆಣ್ಣೊಬ್ಬಳು ನೇರ ಸೃಷ್ಟಿಕರ್ತನಿಗೇ ತನ್ನ ಬದುಕನ್ನು ಒಪ್ಪಿಸುತ್ತಾಳೆ. ನಮ್ಮ ವಚನಕಾರ್ತಿಯರು ದೇವರೊಡನೆ ಹೀಗೆ ಸಲಿಗೆಯಿಂದ, ಹಕ್ಕಿನಿಂದ ಮಾತಾಡಿದ ನೆಲದಲ್ಲಿ ಈ ಕತೆ ಕನ್ನಡದಲ್ಲೇ ಹುಟ್ಟಿದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ. ಜೀವನಾಂಶದ ಬಗೆಗಿನ 1985ರ ಶಾಬಾನೋ ತೀರ್ಪು, ಅದರ ಬೆನ್ನಿಗೇ ಬಂದ 1986ರ ಕಾಯಿದೆಯ ಕಾಲದಿಂದ ಮುಸ್ಲಿಂ ಹೆಣ್ಣಿನ ಬಗ್ಗೆ ಪಕ್ಷಗಳು, ಉಲೇಮಾಗಳು, ಸಂಪಾದಕೀಯಗಳು ಬೇಕಾದಷ್ಟು ಮಾತಾಡಿವೆ. ಆ ಗದ್ದಲದಲ್ಲಿ ಅವಳ ಸ್ವಂತ ದನಿಗೆ ಸಿಕ್ಕ ಜಾಗ ತೀರಾ ಕಡಿಮೆ. ಆ ಜಾಗವನ್ನು ಕತೆ ಬಿಡಿಸಿಕೊಟ್ಟಿತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಕೇಳಿಸಿಕೊಂಡದ್ದನ್ನು ಬರೆಯುವುದಾದರೆ ಅದು ವರದಿ, ಹೆಚ್ಚೆಂದರೆ ಹೋರಾಟದ ಕರಪತ್ರ. ಕಲೆ ಎಲ್ಲಿ ಬಂತು? ಬಂಡಾಯ ಸಾಹಿತ್ಯದ ಮೇಲೆ ಮೊದಲಿನಿಂದ ಇರುವ ದೂರು ಇದು. ಇದಕ್ಕೆ ಉತ್ತರ ‘ಕಫನ್’ (ಶವವಸ್ತ್ರ) ಕತೆಯಲ್ಲಿದೆ. ಬಡವಿ ಯಾಸೀನ್ ಬುವಾ ಕೂಡಿಟ್ಟ ಹಣವನ್ನು ಹಜ್‌ಗೆ ಹೊರಟ ಶಾಜಿಯಾಳ ಕೈಗಿಟ್ಟು, ಜಮ್‌ಜಮ್ ನೀರಿನಲ್ಲಿ ಅದ್ದಿದ ಕಫನ್ ತಂದುಕೊಡಮ್ಮ ಎಂದು ಬೇಡಿಕೊಳ್ಳುತ್ತಾಳೆ. ಶಾಜಿಯಾ ಅಲ್ಲಿ ತನಗೆ ಬೇಕಾದ್ದೆಲ್ಲ ಕೊಳ್ಳುತ್ತಾಳೆ, ಬುವಾಳ ಕಫನ್ ಮರೆತುಬಿಡುತ್ತಾಳೆ. ಬುವಾ ಸತ್ತ ಸುದ್ದಿ ಬಂದಾಗ ಅವಳ ಬಳಿ ಕೊಡಲು ಆ ಬಟ್ಟೆ ಇಲ್ಲ. ಈ ಕತೆಯಲ್ಲಿ ದುಷ್ಟ ಗಂಡನಿಲ್ಲ, ಮುತವಲ್ಲಿಯಿಲ್ಲ, ತಲಾಖ್ ಇಲ್ಲ, ಕರಪತ್ರಕ್ಕೆ ಬೇಕಾದ ಯಾವ ಸರಕೂ ಇಲ್ಲ. ತಪ್ಪು ಮಾಡಿದವಳೂ ಹೆಂಗಸು, ಅದೂ ಧರ್ಮದ ಕರ್ತವ್ಯ ಮುಗಿಸಿ ಬಂದವಳು. ಬಡವಿಯ ಕೋರಿಕೆ ಸಿರಿವಂತೆಗೆ ಎಷ್ಟು ಹಗುರ ಎಂಬ ಒಂದೇ ಸಂಗತಿಯನ್ನು ಹಿಡಿದು, ಮರೆವಿನಂಥ ಸಣ್ಣ ಲೋಪ ಅಪರಾಧವಾಗಿ ಬೆಳೆಯುವುದನ್ನು ಬಾನು ತೋರಿಸುತ್ತಾರೆ. ಕರಪತ್ರ ಬರೆಯುವವರಿಗೆ ತಪ್ಪಿತಸ್ಥರ ಪಟ್ಟಿ ಮೊದಲೇ ಗೊತ್ತಿರುತ್ತದೆ. ಇಲ್ಲಿ ಕತೆಗಾರ್ತಿ ಆ ಪಟ್ಟಿಯನ್ನೇ ತಿದ್ದುತ್ತಿದ್ದಾರೆ. ಅವರ ಹಾಸ್ಯವೂ ಇದೇ ಆಕ್ಷೇಪಕ್ಕೆ ಉತ್ತರ. ಬೇಸಿಗೆ ರಜೆಯಲ್ಲಿ ಮನೆತುಂಬ ಮಕ್ಕಳ ಗಲಾಟೆ ತಡೆಯಲಾರದೆ ರಜಿಯಾ ಹುಡುಗರಿಗೆಲ್ಲ ಒಟ್ಟಿಗೆ ಸುನ್ನತಿ ಮಾಡಿಸಲು ಹೊರಡುವ ‘ಕೆಂಪು ಲುಂಗಿ’, ಗೋಬಿ ಮಂಚೂರಿಯ ಮೋಹಕ್ಕೆ ಬಿದ್ದ ಅರಬ್ಬಿ ಮೇಷ್ಟ್ರ ಕತೆ, ಎರಡೂ ನಗಿಸುತ್ತವೆ. ಮೇಷ್ಟ್ರ ಕತೆಯನ್ನು ಹೇಳುವವಳು ಎರಡು ಹೆಣ್ಣುಮಕ್ಕಳ ತಾಯಿಯಾದ ವಕೀಲೆ. ನಗುತ್ತಲೇ ಅವಳು ಆ ಮೋಹದ ಹಿಂದಿನ ಹಿಂಸೆಯನ್ನು ಗುರುತಿಸುತ್ತಾಳೆ. ಪಾಟೀಸವಾಲು ಮಾಡುವವರಿಗೆ ಇಂಥ ಎರಡು ಕಣ್ಣು ಬೇಕೇಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು, ಅದನ್ನು ಎತ್ತುವವರ ನೋವು ನಿಜವಾದದ್ದು. ಮುಸ್ಲಿಮರನ್ನು ದಿನಬೆಳಗಾದರೆ ಅನುಮಾನದಿಂದ ನೋಡುವ ಈ ಕಾಲದಲ್ಲಿ ಮೊಹಲ್ಲಾದ ಒಳಗಿನ ಕ್ರೌರ್ಯವನ್ನು ಹೊರಗಿನವರ ಮುಂದೆ ಇಡುವುದು ದ್ವೇಷಿಸುವವರ ಕೈಗೆ ಆಯುಧ ಕೊಟ್ಟಂತೆ ಆಗುವುದಿಲ್ಲವೇ? ಸಾರಾ ಅವರೂ ಈ ಪ್ರಶ್ನೆ ಎದುರಿಸಿದರು. ಓದುಗ ತನ್ನ ಪೂರ್ವಗ್ರಹವನ್ನು ಗಟ್ಟಿ ಮಾಡಿಕೊಳ್ಳಲು ಕತೆಯನ್ನು ಬಳಸಿದರೆ ಯಾವ ಲೇಖಕಿಯೂ ಅದನ್ನು ತಡೆಯಲಾರಳು, ಇದನ್ನು ಒಪ್ಪಲೇಬೇಕು. ಕತೆ ಹಾಸನದಿಂದ ಲಂಡನ್ನಿಗೆ ಹೋದಷ್ಟೂ ಈ ಅಪಾಯ ಹೆಚ್ಚುತ್ತದೆ ಎಂಬುದೂ ಸರಿ. ಆದರೆ ಬಾಯಿ ಮುಚ್ಚಿಕೊಂಡರೆ ಅದರ ಬೆಲೆ ತೆರುವವರು ಯಾರು? ದ್ವೇಷಿಸುವವನಲ್ಲ, ಮೆಹರುನ್. ಸಮುದಾಯದ ಮಾನದ ಹೆಸರಿನಲ್ಲಿ ಮೌನವನ್ನು ಕೇಳುವುದಕ್ಕೂ ಮನೆತನದ ಮಾನದ ಹೆಸರಿನಲ್ಲಿ ಅವಳನ್ನು ವಾಪಸು ಕಳಿಸಿದ್ದಕ್ಕೂ ಅಂತರ ಬಹಳವಿಲ್ಲ. ಜೊತೆಗೆ, ಬಾನು ಮೊದಲು ಬರೆದದ್ದು ಕನ್ನಡದಲ್ಲಿ, ಕನ್ನಡದ ನಿಯತಕಾಲಿಕಗಳ ಓದುಗರಿಗೆ. ತ್ರಿವೇಣಿ, ಅನುಪಮಾ, ವೈದೇಹಿಯವರನ್ನು ಓದಿದ ಆ ಓದುಗರಿಗೆ ತವರು ಕೈಬಿಟ್ಟ ಮಗಳ ಕತೆ ಪರಕೀಯವಲ್ಲ. ಆ ಮಗಳು ಎಲ್ಲ ಜಾತಿಯ ಮನೆಗಳಲ್ಲೂ ಇದ್ದಾಳೆ. ಇನ್ನು ಅವರ ನಿಲುವಿಗೆ ಅವರೇ ತೆತ್ತ ಬೆಲೆ ಸಣ್ಣದಲ್ಲ. 2000ನೇ ಇಸವಿಯಲ್ಲಿ ಮಸೀದಿ ಪ್ರವೇಶ ಹೆಂಗಸರಿಗೂ ಇರಬೇಕೆಂದು ಹೇಳಿದ್ದಕ್ಕೆ ಅವರೂ ಅವರ ಕುಟುಂಬವೂ ಸಾಮಾಜಿಕ ಬಹಿಷ್ಕಾರ ಅನುಭವಿಸಿದರು. ಆಮೇಲೂ ಅವರು ಊರು ಬಿಡಲಿಲ್ಲ, ಸಮುದಾಯದ ಬಗ್ಗೆ ಬರೆಯುವುದನ್ನೂ ಬಿಡಲಿಲ್ಲ. ‘ಹಾರ್ಟ್ ಲ್ಯಾಂಪ್’ಗಾಗಿ ಅನುವಾದಕಿ ದೀಪಾ ಭಾಸ್ತಿ ಆರಿಸಿದ 12 ಕತೆಗಳ ಕಾಲ 1990ರಿಂದ 2023ರವರೆಗೆ ಹಬ್ಬಿದೆ. ಹೊರಗಿನವರನ್ನು ಮೆಚ್ಚಿಸಲು ಬರೆಯುವವರು ಹೊರಗಿನವರ ಹೆಚ್ಚಿನ ಗಮನವಿಲ್ಲದೆ ಮೂರು ದಶಕ ಕೂತು ಬರೆಯುವುದಿಲ್ಲ.

ಮೂರನೆಯ ಆಕ್ಷೇಪವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಇವರ ಕತೆಗಳ ಗಂಡಸರು ಹಲವೆಡೆ ತೆಳುವಾಗಿದ್ದಾರೆ. ಇನಾಯತ್ ಏಕೆ ಹಾಗಾದ, ಯಾಕೂಬನ ತಲೆಯಲ್ಲಿ ಏನಿದೆ ಎಂಬುದು ನಮಗೆ ತಿಳಿಯುವುದೇ ಇಲ್ಲ. ಇದು ಕೈತಪ್ಪಿ ಆದ ಲೋಪವೆನ್ನುವುದಕ್ಕಿಂತ ಈ ವಿಧಾನದ್ದೇ ಮಿತಿ ಎನ್ನಬೇಕು. ಒಂದೇ ಪಕ್ಷದ ವಕಾಲತ್ತು ಹಿಡಿದವರಿಗೆ ಎದುರು ಪಕ್ಷದವನು ಕಾಣುವುದು ತಮ್ಮ ಕಕ್ಷಿದಾರಳ ಗಾಯದ ಮೂಲಕ. ಅವರ ಅತ್ಯುತ್ತಮ ಕತೆಗಳು ಈ ಮಿತಿಯನ್ನು ದಾಟಿದ ಕತೆಗಳೇ ಎಂದು ನನ್ನ ತೀರ್ಮಾನ. ‘ಬೆಂಕಿ ಮಳೆ’ಯ ಉಸ್ಮಾನ್ ಸಾಹೇಬರ ಮನಸ್ಸಿನೊಳಗೇ ಅವರು ಹೊಕ್ಕಿದ್ದಾರೆ. ತಂಗಿಯ ಪಾಲಿನ ಪ್ರಶ್ನೆಯಿಂದ ನುಣುಚಿಕೊಳ್ಳಲು ಆತ, ಹಿಂದೂಗಳ ಸ್ಮಶಾನದಲ್ಲಿ ಮುಸ್ಲಿಮನೊಬ್ಬನ ಹೆಣ ಹೂತಿದ್ದಾರೆ ಎಂಬ ಸುದ್ದಿಯನ್ನು ದೊಡ್ಡ ಧರ್ಮಕಾರ್ಯವಾಗಿ ಎತ್ತಿಕೊಳ್ಳುತ್ತಾನೆ. ಸತ್ತವನಿಗಾಗಿ ಊರೆಲ್ಲ ಓಡಾಡುವವನಿಗೆ ಕಾಯಿಲೆ ಬಿದ್ದ ಸ್ವಂತ ಮಗನ ಕಡೆ ಗಮನವಿಲ್ಲ. ಆಸ್ತಿಯ ಆಸೆ, ಮರ್ಯಾದೆಯ ಹಸಿವು, ಭಕ್ತಿ ಮೂರೂ ಒಬ್ಬನಲ್ಲೇ ಬೇರ್ಪಡಿಸಲಾಗದಂತೆ ಬೆರೆತಿರುವುದನ್ನು ಕಾಣಬೇಕಾದರೆ ಎದುರು ಪಕ್ಷದವನ ಮಾತನ್ನೂ ಅಷ್ಟೇ ಶ್ರದ್ಧೆಯಿಂದ ಕೇಳಿಸಿಕೊಂಡಿರಬೇಕು. ‘ಶಾಯಿಸ್ತಾ ಮಹಲಿನ ಕಲ್ಲು ಚಪ್ಪಡಿಗಳು’ ಕತೆಯ ಇಫ್ತಿಕಾರನೂ ಹಾಗೆಯೇ. ಹೆಂಡತಿಯ ಮೇಲಿನ ಪ್ರೀತಿಯನ್ನು ಬಾಯ್ತುಂಬ ಹೇಳಿಕೊಳ್ಳುವ ಅವನು, ಅವಳು ಬಾಣಂತಿತನದಲ್ಲಿ ತೀರಿಹೋದ ಮೇಲೆ ಹೆಚ್ಚು ದಿನ ಕಳೆಯುವ ಮುನ್ನ ಇನ್ನೊಂದು ಮದುವೆಯಾಗುತ್ತಾನೆ. ಅವನು ಸುಳ್ಳುಗಾರನೆಂದು ಕತೆ ಹೇಳುವುದಿಲ್ಲ. ಅವನ ಮಾತು ನಿಜವಾಗಿದ್ದೂ ಅಗ್ಗವಾಗಿತ್ತು ಎಂಬುದು ಕತೆಯ ಕಾಣ್ಕೆ. ತಮ್ಮಂದಿರನ್ನು, ತಂಗಿಯರನ್ನು ನೋಡಿಕೊಳ್ಳಲು ಓದು ಬಿಟ್ಟ ಮಗಳು ಆಸಿಫಾ ಅದೇ ಮನೆಯಲ್ಲಿದ್ದಾಳೆ. ಅಪ್ಪನ ಪ್ರೀತಿಯ ಲೆಕ್ಕದಲ್ಲಿ ಅವಳ ಹೆಸರೇ ಇಲ್ಲ.

ಹಾಗಾದರೆ ಈ ಅಹವಾಲುಗಳಿಗೆಲ್ಲ ತೀರ್ಪು ಎಲ್ಲಿ ಸಿಗುತ್ತದೆ? ‘ಕರಿ ನಾಗರಗಳು’ ಕತೆಯ ಕೊನೆಯಲ್ಲಿ ಇದಕ್ಕೆ ಬಾನು ಕೊಡುವ ಉತ್ತರ ಅವರ ವಿಧಾನದ ಅತ್ಯಂತ ಧೀರ ಭಾಗ. ಅಶ್ರಫ್‌ಳಿಗೆ ನ್ಯಾಯ ಸಿಗುವ ಮೊದಲೇ ಮಗು ಸತ್ತುಹೋಗುತ್ತದೆ. ಅವಳ ಅಹವಾಲಿಗೆ ಕಿವಿಗೊಡದ ಮುತವಲ್ಲಿಗೆ ಯಾರೂ ಶಿಕ್ಷೆ ಕೊಡುವುದಿಲ್ಲ, ಕೊಡುವ ಅಧಿಕಾರವೂ ಅಲ್ಲಿ ಯಾರಿಗೂ ಇಲ್ಲ. ಮೊಹಲ್ಲಾದ ಹೆಂಗಸರು ಬಾಗಿಲ ಮರೆಯಿಂದ ಶಪಿಸುತ್ತಾರೆ, ಅಷ್ಟೇ. ಆದರೆ ಅವನ ಹೆಂಡತಿ ಅಮೀನಾ ಇದನ್ನೆಲ್ಲ ನೋಡಿದ್ದಾಳೆ. ಹೆರಿಗೆಯ ಮೇಲೆ ಹೆರಿಗೆಯಿಂದ ಬಸವಳಿದ ಅವಳು ಆಪರೇಷನ್ ಮಾಡಿಸಿಕೊಳ್ಳುತ್ತೇನೆಂದಾಗ, ಧರ್ಮಕ್ಕೆ ವಿರುದ್ಧವೆಂದು ತಡೆದವನು ಇದೇ ಮುತವಲ್ಲಿ. ಈಗ ಅವಳು ಯಾರ ಅಪ್ಪಣೆಗೂ ಕಾಯದೆ ಆ ಆಪರೇಷನ್‌ಗೆ ಹೊರಡುತ್ತಾಳೆ. ಅಶ್ರಫ್ ಮಸೀದಿಯ ಅಂಗಳದಲ್ಲಿ ಕೂತು ಹೇಳಿದ್ದನ್ನು ಕೇಳಬೇಕಾದವನು ಕೇಳಲಿಲ್ಲ, ಅವನ ಮನೆಯಾಕೆ ಕೇಳಿಸಿಕೊಂಡಳು.