ಮಳೆಗಾಗಿ ಮಣ್ಣಿನಡಿ ಕಾಯುವ ಬಿಲಗಪ್ಪೆ

ಏಪ್ರಿಲ್ ತಿಂಗಳ ಕೊನೆಯ ವಾರ. ಮಾಗಡಿ ಸೀಮೆಯ ಗುಡೇಮಾರನಹಳ್ಳಿಯಂಥ ಊರುಗಳ ಸುತ್ತ ರಾಗಿ ಹೊಲಗಳು ಕೊಯ್ಲಿನ ನಂತರ ಬರಿದಾಗಿ ತಿಂಗಳುಗಳೇ ಕಳೆದಿರುತ್ತವೆ. ಉತ್ತರಕ್ಕೆ ಶಿವಗಂಗೆ, ದಕ್ಷಿಣಕ್ಕೆ ಸಾವನದುರ್ಗ, ನಡುವೆ ಬಿಸಿಲಿಗೆ ಕಾದ ಕೆಂಪು ಮಣ್ಣು. ಒಂದು ಸಂಜೆ ಗುಡುಗು ಸಿಡಿಲಿನ ಆರ್ಭಟದೊಂದಿಗೆ ಭರಣಿ ಮಳೆ ಸುರಿದು, ರಸ್ತೆ ಬದಿಯ ತಗ್ಗಿನಲ್ಲೋ ಮಣ್ಣು ತೆಗೆದ ಗುಂಡಿಯಲ್ಲೋ ನೀರು ನಿಂತರೆ ಸಾಕು, ಕತ್ತಲಾಗುವ ಹೊತ್ತಿಗೆ ಅಲ್ಲಿ ಕಪ್ಪೆಗಳ ಕೂಗು ಏಳುತ್ತದೆ. ಹಿಂದಿನ ದಿನ ಆ ಜಾಗದಲ್ಲಿ ಒಂದೇ ಒಂದು ಕಪ್ಪೆಯೂ ಕಂಡಿರುವುದಿಲ್ಲ. ಹತ್ತಿರದ ಕೆರೆಯಲ್ಲಿಯೂ ನೀರಿರುವುದಿಲ್ಲ. ಹಾಗಾದರೆ ಇವು ಬಂದದ್ದಾದರೂ ಎಲ್ಲಿಂದ?

ಮಳೆಯೊಂದಿಗೆ ಮುಗಿಲಿನಿಂದ ಉದುರಿದವು ಎಂದು ನಂಬುವವರು ಇಂದಿಗೂ ಇದ್ದಾರೆ. ನಿಜವಾದ ಉತ್ತರ ಕಾಲಡಿಯಲ್ಲಿದೆ. ಅವು ಅಲ್ಲಿಯೇ, ಅದೇ ಮಣ್ಣಿನೊಳಗೆ ಇದ್ದವು. ವರ್ಷದ ಬಹುಪಾಲನ್ನು ನೆಲದಡಿ ಕಳೆದು, ಮಳೆಯ ಕೆಲವೇ ರಾತ್ರಿಗಳಿಗಾಗಿ ಮೇಲೆ ಬರುವ ಇವುಗಳಿಗೆ ಬಿಲ ತೋಡುವ ಕಪ್ಪೆ ಅಥವಾ ಬಿಲಗಪ್ಪೆ ಎಂದು ಹೆಸರು. ವಿಜ್ಞಾನಿಗಳು ಇವುಗಳನ್ನು ಸ್ಫೇರೋಥೀಕಾ ಎಂಬ ಕುಲದಲ್ಲಿ ಇರಿಸಿದ್ದಾರೆ.

ನೋಡಲು ಇದೊಂದು ಗುಂಡನೆಯ, ಮೊಂಡು ಮೂತಿಯ, ಕಂದು ಬಣ್ಣದ ಪ್ರಾಣಿ. ಬೆರಳುದ್ದಕ್ಕೂ ಕಡಿಮೆ. ಮರಗಪ್ಪೆಯ ಅಂದವಾಗಲಿ, ಗೋಂಕರು ಕಪ್ಪೆಯ ಗಾತ್ರವಾಗಲಿ ಇದಕ್ಕಿಲ್ಲ. ಆದರೆ ಹಿಂಗಾಲನ್ನು ಗಮನಿಸಿದರೆ ಇದರ ಕಸುಬು ತಿಳಿಯುತ್ತದೆ. ಪಾದದ ಒಳಬದಿಯಲ್ಲಿ, ಮೊದಲ ಬೆರಳಿನ ಬುಡದಲ್ಲಿ, ಗಟ್ಟಿಯಾದ ಚೂಪಂಚಿನ ಗಂಟೊಂದಿದೆ. ಆಕಾರದಲ್ಲಿ ಥೇಟ್ ಸಲಿಕೆ. ಈ ಸಲಿಕೆಯಿಂದ ಕಪ್ಪೆ ಹಿಮ್ಮುಖವಾಗಿ ಅಗೆಯುತ್ತದೆ. ಕುಳಿತಲ್ಲಿಯೇ ಎರಡೂ ಹಿಂಗಾಲುಗಳಿಂದ ಮಣ್ಣನ್ನು ಪಕ್ಕಕ್ಕೆ ತಳ್ಳುತ್ತ, ಮೈಯನ್ನು ಅತ್ತಿತ್ತ ಹೊರಳಿಸುತ್ತ ಹಿಂಭಾಗದಿಂದ ಇಳಿಯತೊಡಗುತ್ತದೆ. ಕೊನೆಗೆ ಕಣ್ಣು ಮತ್ತು ಮೂತಿಯಷ್ಟೇ ಕಾಣುತ್ತವೆ, ಬಳಿಕ ಸಡಿಲ ಮಣ್ಣು ತಲೆಯ ಮೇಲೆ ಕುಸಿದು ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಹೆಗ್ಗಣದ ಬಿಲದಂತೆ ಬಾಯಿ ತೆರೆದ ಸುರಂಗ ಇಲ್ಲಿ ಉಳಿಯುವುದಿಲ್ಲ. ಹೀಗಾಗಿ ಅದೇ ಹೊಲದಲ್ಲಿ ಜೀವಮಾನವಿಡೀ ಉತ್ತವರಿಗೂ ಈ ಕಪ್ಪೆಯ ಗುರುತು ಇರದಿದ್ದರೆ ಅಚ್ಚರಿಯಿಲ್ಲ.

ಅಮೆರಿಕದ ಸಲಿಕೆಗಾಲು

ಇಂಥದೇ ಸಲಿಕೆಯಿಂದ ಜಗತ್ತಿನಲ್ಲಿ ಹೆಸರು ಮಾಡಿದ್ದು ಮಾತ್ರ ಬೇರೆಯದೇ ಕಪ್ಪೆ. ಉತ್ತರ ಅಮೆರಿಕದ ಮರುಭೂಮಿ ಮತ್ತು ಹುಲ್ಲುಗಾವಲುಗಳಲ್ಲಿ ವಾಸಿಸುವ ಅದನ್ನು ಇಂಗ್ಲಿಷಿನಲ್ಲಿ ಸ್ಪೇಡ್‌ಫುಟ್, ಅಂದರೆ ಸಲಿಕೆಗಾಲು, ಎಂದೇ ಕರೆಯುತ್ತಾರೆ. ಯುರೋಪಿನಲ್ಲಿಯೂ ಅದರ ಬಂಧುಗಳಿವೆ. ಅವುಗಳಲ್ಲೊಂದಕ್ಕೆ ಮೈಯಿಂದ ಹೊಮ್ಮುವ ವಾಸನೆಯ ಕಾರಣ ಜರ್ಮನ್ನರು ಬೆಳ್ಳುಳ್ಳಿ ಕಪ್ಪೆ ಎಂದು ಹೆಸರಿಟ್ಟಿದ್ದಾರೆ. ಕರ್ನಾಟಕದಲ್ಲಿ ಆ ವಂಶದ ಕಪ್ಪೆಗಳಿಲ್ಲ. ಮಾಗಡಿಯ ಬಿಲಗಪ್ಪೆ ವಂಶಾವಳಿಯಲ್ಲಿ ಸಲಿಕೆಗಾಲಿಗಿಂತ ಕೆರೆಯಂಚಿನ ಗೋಂಕರು ಕಪ್ಪೆಗೇ ಹತ್ತಿರ. ಎರಡು ಖಂಡಗಳಲ್ಲಿ, ಸಂಬಂಧವೇ ಇಲ್ಲದ ಎರಡು ಮನೆತನಗಳು ಒಂದೇ ಕಷ್ಟಕ್ಕೆ ಒಂದೇ ಹತಾರವನ್ನು ಕಂಡುಕೊಂಡಿವೆ. ಮಳೆ ಕಡಿಮೆ, ಮಣ್ಣು ಸಡಿಲ, ಬಿಸಿಲು ವಿಪರೀತ. ತೇವದ ಚರ್ಮವನ್ನು ಹೊತ್ತ ಪ್ರಾಣಿಗೆ ಅಲ್ಲಿ ಉಳಿದ ದಾರಿ ಕೆಳಗಿಳಿಯುವುದೊಂದೇ.

ಸಲಿಕೆಗಾಲಿನ ಮೇಲೆ ದಶಕಗಳ ಕಾಲ ಅಧ್ಯಯನ ನಡೆದಿರುವುದರಿಂದ ನೆಲದಡಿಯ ಬದುಕು ಹೇಗೆ ಸಾಗುತ್ತದೆ ಎಂಬುದಕ್ಕೆ ಅದು ಒಳ್ಳೆಯ ಕೈಪಿಡಿ. ಅಮೆರಿಕದ ನೈರುತ್ಯ ಭಾಗದ ಮರುಭೂಮಿಯಲ್ಲಿರುವ ಕೌಚ್ ಸಲಿಕೆಗಾಲು ವರ್ಷದಲ್ಲಿ ಎಂಟರಿಂದ ಹತ್ತು ತಿಂಗಳು ಮಣ್ಣಿನೊಳಗೇ ಇರುತ್ತದೆ. ಕಪ್ಪೆಗಳು ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯಡಿಯ ತೆಳು ಚರ್ಮದ ಮೂಲಕ ಹೀರಿಕೊಳ್ಳುತ್ತವೆ. ಮಣ್ಣು ಒಣಗುತ್ತ ಹೋದಂತೆ ಮೈಯ ನೀರನ್ನು ಮಣ್ಣೇ ಎಳೆದುಕೊಳ್ಳುವ ಅಪಾಯವಿದೆ. ಆಗ ಸಲಿಕೆಗಾಲು ಮೂತ್ರದಲ್ಲಿ ಹೊರಹೋಗಬೇಕಾದ ಯೂರಿಯಾವನ್ನು ರಕ್ತದಲ್ಲಿಯೇ ಕೂಡಿಟ್ಟುಕೊಳ್ಳುತ್ತದೆ. ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಉಬ್ಬುತ್ತದೆಯಲ್ಲವೇ? ಒಳಗೆ ಸಾಂದ್ರತೆ ಹೆಚ್ಚಿದ್ದರೆ ನೀರು ಹೊರಗಿನಿಂದ ಒಳಕ್ಕೆ ಹರಿಯುತ್ತದೆ. ಅದೇ ಸೂತ್ರ ಇಲ್ಲಿಯೂ ಕೆಲಸ ಮಾಡುತ್ತದೆ. ಅರೆಬರೆ ಒಣಗಿದ ಮಣ್ಣಿನಿಂದಲೂ ಕಪ್ಪೆ ನೀರನ್ನು ಉಳಿಸಿಕೊಳ್ಳುತ್ತದೆ. ಯೂರಿಯಾ ಎಂದರೆ ರಾಗಿಗೆ ಹಾಕುವ ಗೊಬ್ಬರವೆಂದಷ್ಟೇ ತಿಳಿದವರಿಗೆ ಇದು ಹೊಸ ಸಂಗತಿ.

ಮೂರು ಅಡಿ ಆಳದಲ್ಲಿ ಕುಳಿತ ಪ್ರಾಣಿಗೆ ಮಳೆ ಬಂದದ್ದು ತಿಳಿಯುವ ಬಗೆ ಇನ್ನೂ ಸ್ವಾರಸ್ಯಕರ. ನೀರು ಇಳಿದು ಬಂದು ಮೈ ಮುಟ್ಟುವವರೆಗೆ ಅದು ಕಾಯುವುದಿಲ್ಲ. ಹನಿಗಳು ನೆಲಕ್ಕೆ ಬಡಿಯುವ ಸದ್ದು, ಅದರ ಕಂಪನವೇ ಕರೆಗಂಟೆ. ಡಿಮಿಟ್ ಮತ್ತು ರೂಯಿಬಾಲ್ ಎಂಬ ವಿಜ್ಞಾನಿಗಳು 1980ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಣ ಮಣ್ಣಿಗೆ ಮೋಟಾರಿನಿಂದ ಕಂಪನ ನೀಡಿದಾಗಲೂ ಕಪ್ಪೆಗಳು ಮೇಲೆದ್ದು ಬಂದವು. ಮೋಟಾರ್ ಸೈಕಲ್ಲಿನ ಸದ್ದನ್ನೇ ಮಳೆಯೆಂದು ತಿಳಿದು ಬಿರುಬೇಸಿಗೆಯಲ್ಲಿ ಹೊರಬಂದರೆ ಅವುಗಳ ಗತಿಯೇನು ಎಂಬ ಆತಂಕವೂ ಇದೆ.

ಮೇಲೆ ಬಂದ ಮೇಲೆ ಎಲ್ಲವೂ ಅವಸರ. ಮೊದಲ ಮಳೆಗೆ ಹುತ್ತಗಳಿಂದ ರೆಕ್ಕೆಗೆದ್ದಲು ಏಳುತ್ತದೆ. ಹಳೇ ಮೈಸೂರು ಭಾಗದಲ್ಲಿ ಈಸಲು ಎನ್ನುವ, ಹಿಡಿದು ಹುರಿದು ತಿನ್ನುವ ರೂಢಿಯೂ ಇರುವ ಆ ಹುಳುವಿನ ಮೈತುಂಬ ಕೊಬ್ಬು. ಅಮೆರಿಕದ ಮರುಭೂಮಿಯಲ್ಲಿಯೂ ಮಳೆಗೆ ಗೆದ್ದಲು ಹಾಗೆಯೇ ಏಳುತ್ತದೆ. ಕೌಚ್ ಸಲಿಕೆಗಾಲು ಒಂದೇ ಊಟದಲ್ಲಿ ತನ್ನ ತೂಕದ ಅರ್ಧಕ್ಕೂ ಮಿಕ್ಕಿ ತಿನ್ನಬಲ್ಲದು. ಅಂಥ ಒಂದೆರಡು ಊಟ ದಕ್ಕಿದರೆ ವರ್ಷದ ಚಿಂತೆಯಿಲ್ಲ. ಮೊಟ್ಟೆಗಳು ಒಂದು ದಿನದ ಆಸುಪಾಸಿನಲ್ಲಿ ಒಡೆಯುತ್ತವೆ. ಗೊದಮೊಟ್ಟೆ ಕಾಲು ಬಂದು ಕಪ್ಪೆಯಾಗಲು ಅನುಕೂಲ ಪರಿಸ್ಥಿತಿಯಲ್ಲಿ ಎಂಟೇ ದಿನ ಸಾಕು. ಕಪ್ಪೆಗಳ ಲೋಕದಲ್ಲಿ ಇದು ಅತಿ ವೇಗದ ಬೆಳವಣಿಗೆಗಳಲ್ಲೊಂದು.

ಧಾರವಾಡದ ತೊಟ್ಟಿಗಳಲ್ಲಿ

ನಮ್ಮ ಬಿಲಗಪ್ಪೆಗೆ ಅಷ್ಟು ವೇಗವಿಲ್ಲ, ಅದರ ಗೊದಮೊಟ್ಟೆಗೆ ಕೆಲವು ವಾರಗಳು ಬೇಕು. ಆದರೆ ನೀರು ಬತ್ತುವ ಸೂಚನೆ ಸಿಕ್ಕರೆ ಅದೂ ಹೆಜ್ಜೆ ಚುರುಕು ಮಾಡುತ್ತದೆ. ಇದನ್ನು ತೋರಿಸಿಕೊಟ್ಟದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗ. ಮೊಗಲಿ, ಸೈದಾಪುರ, ಶಾನಭಾಗ ಅವರ ತಂಡ ಸ್ಫೇರೋಥೀಕಾ ಬ್ರೆವಿಸೆಪ್ಸ್ ಪ್ರಭೇದದ ಗೊದಮೊಟ್ಟೆಗಳನ್ನು ಪ್ರಯೋಗಾಲಯದಲ್ಲಿ ಸಾಕಿ, ನೀರಿನ ಮಟ್ಟವನ್ನು ಇಳಿಸುತ್ತ ಹೋದಾಗ ಅವು ಬೇಗನೆ ರೂಪಾಂತರ ಹೊಂದಿದವು. ಈ ಫಲಿತಾಂಶ 2011ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಕಪ್ಪೆ ಸಂಶೋಧನೆಗೆ ಆ ಪತ್ರಿಕೆ ಹೊಸ ಜಾಗವೇನಲ್ಲ. 1932ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅದರ ಮೊದಲ ಸಂಪಾದಕರು ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ.ಆರ್. ನಾರಾಯಣ ರಾವ್. ದಕ್ಷಿಣ ಭಾರತದ ಹಲವು ಕಪ್ಪೆಗಳನ್ನು ಜಗತ್ತಿಗೆ ಪರಿಚಯಿಸಿದವರು ಅವರೇ.

ಅವಸರಕ್ಕೆ ಬೆಲೆಯೂ ಇದೆ. ಬೇಗನೆ ನೀರು ಬಿಟ್ಟು ಬರುವ ಮರಿ ಸಾಮಾನ್ಯವಾಗಿ ಸಣ್ಣದಾಗಿರುತ್ತದೆ, ಸಣ್ಣ ಮರಿ ಬದುಕಿ ಉಳಿಯುವುದು ಕಷ್ಟ. ಹಾಗೆಂದು ನಿಧಾನಿಸಿದರೆ ಕೆಸರು ಒಣಗಿ ಸಾವು. ಗುಂಡಿಯಲ್ಲಿ ಗೋಂಕರು ಕಪ್ಪೆಯ ಗೊದಮೊಟ್ಟೆಗಳೂ ಇದ್ದರೆ ಇನ್ನೊಂದು ಕಂಟಕ. ಅವು ಮಾಂಸಾಹಾರಿಗಳು, ಜೊತೆಗಿರುವ ಬೇರೆ ಗೊದಮೊಟ್ಟೆಗಳನ್ನೇ ತಿನ್ನುತ್ತವೆ. ಬಿಲಗಪ್ಪೆಯ ಮರಿಗಳು ನೀರಿನಲ್ಲಿ ಶತ್ರುವಿನ ವಾಸನೆಯನ್ನು ಗುರುತಿಸಿ ಎಚ್ಚರ ವಹಿಸುತ್ತವಾದರೂ, ಆಹಾರದ ವಾಸನೆ ಗಾಢವಾಗಿದ್ದರೆ ಆ ಎಚ್ಚರ ಮಂಕಾಗುತ್ತದೆ ಎಂಬುದನ್ನೂ ಇದೇ ಧಾರವಾಡದ ತಂಡ 2012ರಲ್ಲಿ ವರದಿ ಮಾಡಿತು.

ಇಷ್ಟೆಲ್ಲ ಅಪಾಯವಿರುವ ಗುಂಡಿಯನ್ನು ಬಿಟ್ಟು ವರ್ಷವಿಡೀ ನೀರಿರುವ ಕೆರೆಗೇ ಹೋಗಬಾರದೇ ಎಂಬ ಪ್ರಶ್ನೆ ಸಹಜ. ಕೆರೆಯಲ್ಲಿ ಮೀನುಗಳಿವೆ. ಮೊಟ್ಟೆ ಮತ್ತು ಮರಿಗಳಿಗೆ ಮೀನಿಗಿಂತ ದೊಡ್ಡ ಶತ್ರುವಿಲ್ಲ. ತಿಂಗಳೆರಡು ತಿಂಗಳು ನಿಂತು ಬತ್ತಿಹೋಗುವ ನೀರಿನಲ್ಲಿ ಮೀನು ನೆಲೆಸಲಾರದು. ಬತ್ತುವುದೇ ಆ ಗುಂಡಿಯ ಗುಣ. ಸೊಳ್ಳೆ ನಿಯಂತ್ರಣಕ್ಕೆಂದು ಗಾಂಬೂಸಿಯಾ ಮೀನನ್ನು ಕಂಡಕಂಡ ನೀರಿಗೆಲ್ಲ ಬಿಡುವವರು, ಆ ಮೀನು ಗೊದಮೊಟ್ಟೆಗಳನ್ನೂ ಕಚ್ಚಿ ಕೊಲ್ಲುತ್ತದೆ ಎಂಬುದನ್ನು ನೆನಪಿಡುವುದು ಒಳಿತು.

ಬೆಂಗಳೂರಿನ ಹೆಸರು ಹೊತ್ತ ಕಪ್ಪೆ

ಬ್ರೆವಿಸೆಪ್ಸ್ ಎಂಬ ಹೆಸರು ಹಳೆಯದು. 1799ರಲ್ಲಿ ಜರ್ಮನ್ ವಿದ್ವಾಂಸ ಷ್ನೈಡರ್ ಇಟ್ಟದ್ದು. ಬಹುಕಾಲ ಭಾರತದ ಎಲ್ಲೆಡೆಯ ಬಿಲಗಪ್ಪೆಗಳನ್ನೂ ಸರಿಸುಮಾರು ಈ ಒಂದೇ ಹೆಸರಿನಡಿ ಸೇರಿಸಲಾಗುತ್ತಿತ್ತು. ಹೊರಗಿನಿಂದ ಎಲ್ಲವೂ ಒಂದೇ ತರಹ ಕಾಣುವಾಗ ತಪ್ಪೆಣಿಸುವುದು ಸುಲಭ. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಲೆಕ್ಕ ಬದಲಾಯಿತು. ಬೆಂಗಳೂರಿನ ಹೊರವಲಯದ ರಾಜಾನುಕುಂಟೆ ಬಳಿಯ ಬೂದುಮಾನಹಳ್ಳಿಯ ಪಾಳುಭೂಮಿಯಲ್ಲಿ ದೊರೆತ ಬಿಲಗಪ್ಪೆ ಪ್ರತ್ಯೇಕ ಪ್ರಭೇದವೆಂದು ಸಾಬೀತಾಗಿ, 2020ರಲ್ಲಿ ಅದಕ್ಕೆ ಸ್ಫೇರೋಥೀಕಾ ಬೆಂಗಳೂರು ಎಂದೇ ನಾಮಕರಣವಾಯಿತು. ಮೌಂಟ್ ಕಾರ್ಮೆಲ್ ಕಾಲೇಜು, ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ, ಭಾರತೀಯ ವಿಜ್ಞಾನ ಸಂಸ್ಥೆ, ಮೈಸೂರಿನ ಯುವರಾಜ ಕಾಲೇಜು ಹಾಗೂ ಪ್ಯಾರಿಸ್ಸಿನ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯದ ಸಂಶೋಧಕರು ಈ ಕೆಲಸದಲ್ಲಿ ಪಾಲ್ಗೊಂಡಿದ್ದರು. ಪಶ್ಚಿಮ ಘಟ್ಟದ ದಟ್ಟ ಕಾಡಿನಲ್ಲಿ ಹೊಸ ಕಪ್ಪೆ ಸಿಕ್ಕರೆ ಅದು ವಾಡಿಕೆಯ ಸುದ್ದಿ. ರಾಜಧಾನಿಯ ಅಂಚಿನ ಬರಡು ಬಯಲಿನಲ್ಲಿ ಸಿಕ್ಕಿದ್ದೇ ಇಲ್ಲಿನ ವಿಶೇಷ.

ಇದೇ ಬಯಲುಸೀಮೆಯ ಮಣ್ಣಿನಲ್ಲಿ ಇನ್ನೊಂದು ಅಗೆಯುವ ಮನೆತನವೂ ಇದೆ. ಯುಪೆರೊಡಾನ್ ಕುಲದ ಈ ಕಪ್ಪೆಗಳು ಗಾಳಿ ತುಂಬಿದ ಬಲೂನಿನಂತೆ ಉಬ್ಬಿರುತ್ತವೆ. ಬಾಯಿ ಚಿಕ್ಕದು, ಆಹಾರ ಹೆಚ್ಚಾಗಿ ಇರುವೆ ಮತ್ತು ಗೆದ್ದಲು. ಇವುಗಳ ಪೈಕಿ ಇಟ್ಟಿಗೆ ಬಣ್ಣದ ಪಟ್ಟೆಗಳಿರುವ ಒಂದು ಪ್ರಭೇದ ಬೆಂಗಳೂರಿನ ಮನೆಗಳ ಹೂಕುಂಡದಲ್ಲಿಯೂ ಆಗಾಗ ಪ್ರತ್ಯಕ್ಷವಾಗಿ ಗೃಹಿಣಿಯರನ್ನು ಬೆಚ್ಚಿಬೀಳಿಸುವುದುಂಟು.

ಲೆಕ್ಕಕ್ಕೆ ಸಿಗದ ನೀರು

ಬಿಲಗಪ್ಪೆಗೆ ಬೇಕಾದುದು ಎರಡೇ: ಅಗೆಯಲು ಸಡಿಲ ಮಣ್ಣು, ಅದರ ಸಮೀಪದಲ್ಲಿ ಕೆಲವು ವಾರ ನಿಲ್ಲುವ ಮಳೆನೀರು. ಸರ್ಕಾರಿ ದಾಖಲೆಗಳಲ್ಲಿ ಈ ಎರಡಕ್ಕೂ ಬೆಲೆಯಿಲ್ಲ. ಸಾಗುವಳಿಗೆ ಬಾರದ ನೆಲ ಪಹಣಿಯಲ್ಲಿ 'ಖರಾಬು'. ಕೆರೆಗಾದರೆ ಸರ್ವೆ ನಂಬರಿದೆ, ಒತ್ತುವರಿಯಾದರೆ ದೂರು ಕೊಡಲು ಕಚೇರಿಯಿದೆ, 2014ರ ಕೆರೆ ಸಂರಕ್ಷಣಾ ಕಾಯ್ದೆಯೂ ಇದೆ. ದೇಶದ ಜೌಗು ಪ್ರದೇಶಗಳನ್ನು ರಕ್ಷಿಸುವಂತೆ ಸುಪ್ರೀಂ ಕೋರ್ಟ್ 2017ರಲ್ಲಿ ಆದೇಶಿಸಿದಾಗ ಲೆಕ್ಕಕ್ಕೆ ಹಿಡಿದದ್ದು ಉಪಗ್ರಹ ಚಿತ್ರಗಳಿಂದ ಗುರುತಿಸಿದ, 2.25 ಹೆಕ್ಟೇರಿಗಿಂತ ದೊಡ್ಡದಾದ 2,01,503 ಜೌಗು ಪ್ರದೇಶಗಳನ್ನು. 2.25 ಹೆಕ್ಟೇರ್ ಎಂದರೆ ಐದೂವರೆ ಎಕರೆ. ಬಿಲಗಪ್ಪೆ ಮೊಟ್ಟೆಯಿಡುವ ಗುಂಡಿ ಎಷ್ಟೋ ಬಾರಿ ಒಂದು ಗುಂಟೆಯೂ ಇರುವುದಿಲ್ಲ. ಬೇಸಿಗೆಯಲ್ಲಿ ತೆಗೆದ ಉಪಗ್ರಹ ಚಿತ್ರದಲ್ಲಿ ಅದು ಕೇವಲ ಕೆಂಪು ನೆಲ.

ಹೀಗಾಗಿ ಅದನ್ನು ಮುಚ್ಚಲು ಯಾರ ಅನುಮತಿಯೂ ಬೇಕಿಲ್ಲ. ನಾಲ್ಕು ಟಿಪ್ಪರ್ ಮಣ್ಣು ಸಾಕು. ನಿವೇಶನ ಮಾಡುವಾಗ ಮೊದಲು ನಡೆಯುವ ಕೆಲಸವೇ ನೆಲ ಸಮತಟ್ಟು ಮಾಡಿ ರೋಲರ್ ಹೊಡೆಯುವುದು. ಗಟ್ಟಿಯಾದ ನೆಲವನ್ನು ಕಪ್ಪೆಯ ಸಲಿಕೆ ಅಗೆಯಲಾರದು, ಕೆಳಗೆ ಸಿಕ್ಕಿದ್ದು ಮೇಲೆ ಬರಲಾರದು. ಬೆಂಗಳೂರು ಮಾಗಡಿಯತ್ತ ಚಾಚುತ್ತಿದೆ. ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಯ ಯೋಜನೆಯೂ ದಾಬಸ್‌ಪೇಟೆ, ಮಾಗಡಿ, ರಾಮನಗರಗಳನ್ನು ಜೋಡಿಸುತ್ತದೆ. ಹೊಸ ರಸ್ತೆ ಮಾಡುವ ಹಾನಿ ಅದು ಹಾದುಹೋಗುವ ಜಾಗಕ್ಕಷ್ಟೇ ಸೀಮಿತವಲ್ಲ. ಕಪ್ಪೆ ನೆಲದಡಿ ಇರುವ ಹೊಲ ಒಂದು ಬದಿಗೆ, ನೀರು ನಿಲ್ಲುವ ತಗ್ಗು ಇನ್ನೊಂದು ಬದಿಗೆ ಬಿದ್ದರೆ ಮೊದಲ ಮಳೆಯ ರಾತ್ರಿಯೇ ಸಂತತಿ ಚಕ್ರಕ್ಕೆ ಸಿಕ್ಕಿ ಹೋಗುತ್ತದೆ. ರೈತರಿಗಾಗಿ ತೋಡುವ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿಹೊಂಡ ಇದಕ್ಕೆ ಬದಲಿಯಾಗದು. ಅದರ ಕಡಿದಾದ, ನುಣುಪಾದ ಅಂಚನ್ನು ಆಗತಾನೇ ಕಾಲು ಬಂದ ಮರಿ ಹತ್ತಲಾರದು.

ಬಿಲಗಪ್ಪೆಗೆ ಸದ್ಯಕ್ಕೆ ಅಪಾಯವಿಲ್ಲ ಎನ್ನುವುದು ಅಂತಾರಾಷ್ಟ್ರೀಯ ಪಟ್ಟಿಯ ಮಾತು. ಸ್ಫೇರೋಥೀಕಾ ಬ್ರೆವಿಸೆಪ್ಸ್ ಅಲ್ಲಿ 'ಕನಿಷ್ಠ ಕಾಳಜಿ'ಯ ವರ್ಗದಲ್ಲಿದೆ. ಆದರೆ ಒಂದೇ ಎಂದುಕೊಂಡ ಹೆಸರಿನಡಿ ಹಲವು ಪ್ರಭೇದಗಳು ಅಡಗಿದ್ದವು ಎಂದು ತಿಳಿದ ಮೇಲೆ ಆ ಸಮಾಧಾನಕ್ಕೆ ಹೆಚ್ಚು ತೂಕ ಕೊಡುವಂತಿಲ್ಲ. ಜಗತ್ತಿನ ಉಭಯವಾಸಿಗಳಲ್ಲಿ ಸುಮಾರು ಶೇ 41ರಷ್ಟು ಪ್ರಭೇದಗಳು ಅಳಿವಿನ ಭೀತಿಯಲ್ಲಿವೆ ಎಂದು 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆ ಹೇಳಿದೆ.

ಮಳೆ ಬಾರದಿದ್ದರೆ ಕಪ್ಪೆಗೆ ಮದುವೆ ಮಾಡಿಸುವ ರೂಢಿ ರಾಜ್ಯದ ಹಲವೆಡೆ ಇದೆ. 2019ರ ಜೂನ್‌ನಲ್ಲಿ ಉಡುಪಿಯಲ್ಲಿ ನಡೆದ ಇಂಥ ಮದುವೆ ದೇಶದಾದ್ಯಂತ ಸುದ್ದಿಯಾಗಿತ್ತು. ಬಿಲಗಪ್ಪೆಗಳಿಗೆ ಆ ಏರ್ಪಾಡು ಬೇಕಿಲ್ಲ. ಮುಂಗಾರು ಪೂರ್ವ ಮಳೆ ಬಿದ್ದ ರಾತ್ರಿ ಗುಂಡಿಯಂಚಿಗೆ ಟಾರ್ಚ್ ಹಿಡಿದು ಹೋದವರಿಗೆ ಅವು ಜೋಡಿ ಜೋಡಿಯಾಗಿಯೇ ಕಾಣಸಿಗುತ್ತವೆ. ಗಂಡಿನ ಗಂಟಲು ಚೀಲ ಉಬ್ಬಿರುತ್ತದೆ, ಹೆಣ್ಣು ಗಾತ್ರದಲ್ಲಿ ದೊಡ್ಡದು. ಒಂದೆರಡು ರಾತ್ರಿಯಲ್ಲಿ ಸದ್ದು ಅಡಗುತ್ತದೆ. ಜೂನ್ ಹೊತ್ತಿಗೆ ಅದೇ ಕೆಸರಿನ ಅಂಚಿನಲ್ಲಿ ಉಗುರಿನಷ್ಟು ಮರಿಗಳು ಕುಪ್ಪಳಿಸುತ್ತವೆ. ಹಿಂಗಾಲಿನ ಸಲಿಕೆ ಅಷ್ಟರಲ್ಲೇ ಮೂಡಿರುತ್ತದೆ, ಪಕ್ಕದ ಹೊಲದಲ್ಲಿ ರಾಗಿಗೆ ಉಳುಮೆ ಶುರುವಾಗಿರುತ್ತದೆ.