ಲಂಟಾನದ ಆನೆಗಳು

2024ರ ಫೆಬ್ರುವರಿಯ ಒಂದು ಬೆಳಿಗ್ಗೆ. ಲಾಲ್‌ಬಾಗಿನ ಹುಲ್ಲಿನ ಮೇಲೆ ಆನೆಗಳು ಬಂದು ನಿಂತಿವೆ. ಒಂದರ ಸೊಂಡಿಲು ಮರಿಯ ಬೆನ್ನಿನ ಕಡೆಗೆ ಚಾಚಿದೆ, ಇನ್ನೊಂದರ ಕಿವಿ ಈಗಷ್ಟೇ ಏನನ್ನೋ ಕೇಳಿಸಿಕೊಂಡಂತೆ ಅರಳಿದೆ. ಹತ್ತಿರ ಹೋದರೆ ಚರ್ಮವೇ ಇಲ್ಲ, ಬರೀ ಕಡ್ಡಿ. ಬೆರಳು ದಪ್ಪದವು, ಅದಕ್ಕಿಂತ ಸಣ್ಣವು, ಒಂದಕ್ಕೊಂದು ಅಂಟಿಕೊಂಡು ಹಣೆಯ ಉಬ್ಬು, ಹೊಟ್ಟೆಯ ಇಳಿಜಾರು, ಮಂಡಿಯ ಸುಕ್ಕು ಹಿಡಿದು ಬಾಗಿವೆ.

ವಾಕಿಂಗ್ ಮುಗಿಸಿ ನಿಂತಿದ್ದ ಹಿರಿಯರೊಬ್ಬರು ಕಾವಲಿನ ಹುಡುಗನನ್ನು ಕೇಳಿದರು: “ಬೆತ್ತಾನೇನಪ್ಪಾ ಇದು?”

“ಬೆತ್ತ ಅಲ್ಲ ಸಾರ್, ಲಂಟಾನ.”

“ಬೇಲೀಲಿ ಬೆಳ್ಕೊಂಡಿರುತ್ತಲ್ಲ, ಅದಾ!” ಎಂದವರೇ ಆನೆಯ ಕಾಲನ್ನು ಇನ್ನೊಮ್ಮೆ ಮುಟ್ಟಿ ನೋಡಿದರು.

ನನಗೂ ಅಷ್ಟೇ ಆಶ್ಚರ್ಯ. ನಮ್ಮ ಕಡೆ ಆ ಗಿಡಕ್ಕೆ ಕುಡುಗೋಲು ಬಿಟ್ಟು ಬೇರೆ ಮರ್ಯಾದೆ ಸಿಕ್ಕಿದ್ದಿಲ್ಲ. ಶಾಲೆಯಿಂದ ಬರುವಾಗ ಹಳದಿ-ಗುಲಾಬಿ ಹೂವನ್ನು ಕಿತ್ತು ಬುಡ ಚೀಪುತ್ತಿದ್ದೆವು, ಕಪ್ಪಗೆ ಹಣ್ಣಾದ ಕಾಯಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಎಲೆ ತಿಕ್ಕಿದರೆ ಕೈಗೆ ಹತ್ತುವ ಆ ಘಾಟು ಮನೆ ಸೇರುವವರೆಗೂ ಬಿಡುತ್ತಿರಲಿಲ್ಲ. ದನ ಮಾತ್ರ ಬಾಯಿ ಹಾಕುತ್ತಿರಲಿಲ್ಲ; ಹಸಿವು ತಡೆಯದೆ ತಿಂದ ದನಕ್ಕೆ ಅದು ವಿಷ.

ಇದರ ತವರು ಅಮೆರಿಕ ಖಂಡದ ಉಷ್ಣವಲಯ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಂದದ ಹೂಗಿಡವೆಂದು ಕಲ್ಕತ್ತೆಯ ಸಸ್ಯತೋಟಕ್ಕೆ ತಂದರು. ಒಂದು ಸಸ್ಯತೋಟದಿಂದ ತಪ್ಪಿಸಿಕೊಂಡದ್ದು ಇನ್ನೂರು ವರ್ಷ ಕಾಡೆಲ್ಲ ಸುತ್ತಿ, ಆನೆಯ ವೇಷದಲ್ಲಿ ಇನ್ನೊಂದು ಸಸ್ಯತೋಟದೊಳಕ್ಕೆ ಬಂದು ನಿಂತಿದೆ ಅನ್ನಿ. ಈ ನಡುವೆ ಅದು ಮಾಡಿದ್ದು ಸಣ್ಣ ಅನಾಹುತವಲ್ಲ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಎಲ್ಲಿ ನೋಡಿದರೂ ಆಳೆತ್ತರ ಮೀರಿದ ಪೊದೆ. ಅದರಡಿ ಹುಲ್ಲು ಏಳದು, ಮರದ ಸಸಿ ಮೇಲೆ ಬಾರದು. ಮೇವು ಕಮ್ಮಿಯಾದ ಆನೆ ರಾಗಿ ಹೊಲದ ಕಡೆ ತಿರುಗುವುದಕ್ಕೆ ಇದೂ ಒಂದು ಕಾರಣ.

ಬಿಳಿಗಿರಿಯ ಸೋಲಿಗರನ್ನು ಕೇಳಿದರೆ ಇನ್ನೊಂದು ಕತೆ ಹೇಳುತ್ತಾರೆ. ಅವರ ಹಿರಿಯರು ಬೇಸಗೆ ಶುರುವಿನಲ್ಲೇ ಒಣ ಎಲೆಗೆ ‘ತರಗು ಬೆಂಕಿ’ ಹಾಕುತ್ತಿದ್ದರು. ನೆಲದ ಮಟ್ಟದಲ್ಲೇ ಹರಿದು ಆರುವ ಸಣ್ಣ ಬೆಂಕಿ ಅದು. ಅಭಯಾರಣ್ಯವಾದ ಮೇಲೆ ಅದು ನಿಂತಿತು, ಲಂಟಾನ ಏರಿತು. ಈಗ ಬೆಂಕಿ ಬಿದ್ದರೆ ಪೊದೆ ಹಿಡಿದು ಮರದ ತಲೆಗೇ ಹೋಗುತ್ತದಂತೆ. ಕಾಡನ್ನು ಉಳಿಸಲು ಹೊರಟವರು ಆ ಹಿರಿಯರನ್ನು ಒಂದು ಮಾತು ಕೇಳಬಹುದಿತ್ತು.

ಲಾಲ್‌ಬಾಗಿನ ಈ ಆನೆಗಳು ಹುಟ್ಟಿದ್ದು ಗುಂಡ್ಲುಪೇಟೆ, ಬಂಡೀಪುರ ದಾಟಿ ಮುಂದೆ ಹೋದರೆ ಸಿಗುವ ನೀಲಗಿರಿಯ ಗೂಡಲೂರಿನಲ್ಲಿ. ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ, ಸೋಲಿಗ ಸಮುದಾಯದವರ ಕೈಕೆಲಸ. ಕಡಿದು ತಂದ ಲಂಟಾನವನ್ನು ದೊಡ್ಡ ಹಂಡೆಯಲ್ಲಿ ಕುದಿಸುತ್ತಾರೆ. ಬೆಂದ ಕಡ್ಡಿಯ ಸಿಪ್ಪೆ ಸಲೀಸಾಗಿ ಸುಲಿಯುತ್ತದೆ, ಹೇಳಿದ ಕಡೆ ಬಾಗುತ್ತದೆ. ಕಬ್ಬಿಣದ ಸರಳಿನ ಅಸ್ಥಿಪಂಜರ ಮೊದಲೇ ಸಿದ್ಧ. ಬಿಸಿ ಆರುವ ಮೊದಲು ಅದರ ಮೈಮೇಲೆ ಕಡ್ಡಿ ಬಗ್ಗಿಸಿ ಮೊಳೆ ಹೊಡೆಯಬೇಕು. ಅಳತೆಗೆ ಚಿತ್ರವಿದೆ, ಆದರೆ ಆನೆ ನಿಲ್ಲುವ ಭಂಗಿ ಚಿತ್ರದಿಂದಷ್ಟೇ ಬರುವುದಲ್ಲ. ಸುತ್ತಮುತ್ತ ಓಡಾಡುವ ನಿಜದ ಆನೆಗಳೇ ಮಾದರಿ. ರಾತ್ರಿ ಹಿತ್ತಲಿಗೆ ಬಂದು ಹೋದ ಆನೆಯನ್ನೇ ಬೆಳಿಗ್ಗೆ ಕಡ್ಡಿಯಲ್ಲಿ ಕಟ್ಟುವ ಊರು ಅದು.

ಕಟ್ಟಿದವು ದೂರ ಹೋದವು. 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ಮೇಯುವಂತೆ ನಿಂತವು. 2024ರಲ್ಲಿ ನೂರು ಆನೆ ಹಡಗೇರಿ ಅಮೆರಿಕಕ್ಕೆ ಹೋಗಿ ಕಡಲತೀರ, ನ್ಯೂಯಾರ್ಕಿನ ಬೀದಿ ಎಲ್ಲ ನೋಡಿದವು. ತವರಿನ ಖಂಡಕ್ಕೆ ಲಂಟಾನ ಹೀಗೆ ಮರಳೀತೆಂದು ಯಾರೆಣಿಸಿದ್ದರು! ಒಂದೊಂದು ಸಾವಿರಾರು ಡಾಲರಿಗೆ ಮಾರಾಟ. ಕಟ್ಟಿದವರಿಗೆ ಕೂಲಿ, ಉಳಿದ ಹಣ ಮನುಷ್ಯರೂ ಕಾಡುಪ್ರಾಣಿಗಳೂ ಒಟ್ಟಿಗೆ ಬಾಳುವ ನೆಲಗಳಲ್ಲಿ ದುಡಿಯುವ ಸಂಸ್ಥೆಗಳಿಗೆ ದಾನ. ಆನೆಯ ಮೇವು ಕಸಿದ ಗಿಡವೇ ಆನೆಯ ಹೆಸರಲ್ಲಿ ಊರೂರು ಸುತ್ತಿ ಭಿಕ್ಷೆ ಎತ್ತಿತು.

ಇದರಿಂದ ಕಾಡಿನ ಲಂಟಾನ ಮುಗಿಯುತ್ತದೆಂದು ನಾನು ನಂಬುವುದಿಲ್ಲ. ನೂರು ಆನೆ ಕಟ್ಟಲು ಕಡಿದದ್ದು ಒಂದೆರಡು ಮಳೆಗೆ ಮತ್ತೆ ಚಿಗುರೀತು. ಆದರೆ ಮಾದೇಶ್ವರ ಬೆಟ್ಟದ ಕಡೆ ಬಿದಿರು ಸಿಗದಾಗಿ ಕೈಕಟ್ಟಿ ಕೂತಿದ್ದ ಬುಟ್ಟಿ ಹೆಣೆಯುವವರಿಗೆ ಇದೇ ಕಡ್ಡಿ ಕುರ್ಚಿ, ಬುಟ್ಟಿಯಾಗಿ ಅನ್ನ ಕೊಟ್ಟಿದೆ. ಅದನ್ನು ಕಡಿಮೆಯೆನ್ನಲಾರೆ.

ಬಿಸಿಲೇರಿತು. ಜನ ಸೆಲ್ಫಿ ತೆಗೆದು ತೆಗೆದು ಗಾಜಿನ ಮನೆಯತ್ತ ಸರಿದರು. ಸಲಗದ ನೆತ್ತಿಯ ಮೇಲೆ ಒಂದು ಪಿಕಳಾರ ಬಂದು ಕೂತಿತು. ಲಂಟಾನದ ಹಣ್ಣು ತಿಂದು ಬೀಜವನ್ನು ಊರೆಲ್ಲ ಹರಡುವುದು ಇದೇ ಹಕ್ಕಿ. ಜುಟ್ಟು ಕೊಂಕಿಸಿ, ಅತ್ತಿತ್ತ ನೋಡಿ, ಬಾಲ ಎತ್ತಿ ಆನೆಯ ಬೆನ್ನಿಗೊಂದು ಹಿಕ್ಕೆ ಹಾಕಿ ಹಾರಿಹೋಯಿತು.