ಹಿತ್ತಿಲಲ್ಲಿ ಮರೆತುಹೋದ ಗುಂಡಿ

ಮೊಳಕಾಲ್ಮುರು ತಾಲ್ಲೂಕಿನ ರಾಂಪುರದಂಥ ಊರಲ್ಲಿ ಹಳೇ ಮನೆ ಕೊಳ್ಳುವವರು ಕ್ರಯಪತ್ರ ಓದಿಸುತ್ತಾರೆ, ಚೆಕ್ಕುಬಂದಿ ಅಳೆಸುತ್ತಾರೆ, ಬೋರಿನಲ್ಲಿ ನೀರು ಎಷ್ಟಿಂಚು ಬರುತ್ತದೆಂದು ವಿಚಾರಿಸುತ್ತಾರೆ. ಪಾಯಿಖಾನೆ ಗುಂಡಿ ಎಲ್ಲಿದೆ ಎಂದು ಕೇಳುವವರು ಕಡಿಮೆ. ಕಟ್ಟಿಸಿದ ಯಜಮಾನರು ತೀರಿಕೊಂಡಿರುತ್ತಾರೆ, ಗಾರೆ ಕೆಲಸದವರು ಬೇರೆ ಊರು ಸೇರಿರುತ್ತಾರೆ, ಮುಚ್ಚಳದ ಮೇಲೆ ಒಂದಡಿ ಮಣ್ಣು ಕೂತಿರುತ್ತದೆ. ಒಂದು ದಿನ ನೀರು ಹಿಂದಕ್ಕೆ ಒತ್ತುತ್ತದೆ. ಸಕ್ಕಿಂಗ್ ಗಾಡಿ ಕರೆಸಿದರೆ ಡ್ರೈವರ್ ಇಳಿದು ಕೇಳುವ ಮೊದಲ ಮಾತು: "ಅಣ್ಣಾ, ಮುಚ್ಚಳ ಎಲ್ಲೈತೆ?"

ಈ ಪ್ರಶ್ನೆಗೆ ಉತ್ತರ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಆಡುವ ಮಗುವಿನ ಕಾಲೋ, ಮೇಯುವ ಎಮ್ಮೆಯ ಕಾಲೋ ಅದನ್ನು ಹುಡುಕಿಕೊಡುತ್ತದೆ. ಗುಂಡಿಯೊಳಗೆ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಮೇಲೇರಿ ಸ್ಲ್ಯಾಬಿನ ಅಡಿಯ ತೇವಕ್ಕೆ ಅಂಟುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಗಂಧಕಾಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲ ಕಾಂಕ್ರೀಟನ್ನು ತಿನ್ನುತ್ತಾ ಹೋಗಿ ಕಬ್ಬಿಣದ ಸರಳು ತಲುಪುತ್ತದೆ. ಮೇಲಿಂದ ನೋಡಿದರೆ ಗಟ್ಟಿ ನೆಲ. ಅಡಿಭಾಗವನ್ನು ಕೆರೆದರೆ ನೆನೆದ ಸುಣ್ಣದ ಹಾಗೆ ಬಿಳಿಯಾಗಿ ಉದುರುತ್ತದೆ. ಮೊಳಕಾಲ್ಮುರು ಸೀಮೆಯ ಬಂಡೆಗಲ್ಲಿನ ಚಪ್ಪಡಿಗೆ ಈ ಆಮ್ಲದ ಭಯವಿಲ್ಲ. ಆದರೆ ಚಪ್ಪಡಿ ಕೂತಿರುವ ಗೋಡೆಯ ಗಾರೆ ಸವೆಯುತ್ತದೆ; ಒಂದು ಅಂಚು ಜಾರಿದರೆ ಸಾಕು.

ಹುಡುಕುವ ಮೊದಲು ಗುಂಡಿ ಹೇಗೆ ಕೆಲಸ ಮಾಡುತ್ತದೆಂದು ತಿಳಿದಿರಬೇಕು, ಏಕೆಂದರೆ ಬೇಕಾದ ಸುಳಿವುಗಳೆಲ್ಲ ಅಲ್ಲೇ ಇವೆ. ಸೆಪ್ಟಿಕ್ ಟ್ಯಾಂಕ್ ಎಂದರೆ ಸದಾ ನೀರು ತುಂಬಿ ನಿಲ್ಲುವ ತೊಟ್ಟಿ. ಭಾರವಾದದ್ದು ತಳಕ್ಕೆ ಇಳಿದು ಹೂಳಾಗುತ್ತದೆ, ಜಿಡ್ಡು ಮೇಲೆ ತೇಲಿ ಕೆನೆಗಟ್ಟುತ್ತದೆ, ನಡುವಿನ ತಿಳಿನೀರು ಮಾತ್ರ ಹೊರಗೆ ಹರಿಯುತ್ತದೆ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಹೂಳನ್ನು ನಿಧಾನವಾಗಿ ಅರಗಿಸುತ್ತವೆ. 1860ರ ಸುಮಾರಿಗೆ ಫ್ರಾನ್ಸಿನ ವೆಸೂಲ್ ಎಂಬಲ್ಲಿ ಜಾನ್ ಲೂಯಿ ಮೂರಾಸ್ ಇಂಥ ತೊಟ್ಟಿ ಕಟ್ಟಿಸಿದ. ವರ್ಷಗಳ ಮೇಲೆ ತೆರೆದಾಗ ಒಳಗೆ ಬಹುಪಾಲು ನೀರೇ ಇತ್ತು. ಘನವಸ್ತು ಅಚ್ಚರಿಯಾಗುವಷ್ಟು ಕಡಿಮೆ. 1895ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಡೊನಾಲ್ಡ್ ಕ್ಯಾಮರಾನ್ ಇದನ್ನು ಸುಧಾರಿಸಿ ಕಟ್ಟಿದ. ಸೆಪ್ಟಿಕ್ ಟ್ಯಾಂಕ್ ಎಂಬ ಹೆಸರು ನಿಂತದ್ದು ಅವನಿಂದ. ನಮ್ಮ ಹಳ್ಳಿಗಳಲ್ಲಿ ಆ ಹೆಸರಿನಿಂದ ಕರೆಯುವ ಎಷ್ಟೋ ಗುಂಡಿಗಳಿಗೆ ತಳವೇ ಇಲ್ಲ. ಸಿಮೆಂಟ್ ರಿಂಗ್ ಇಳಿಸಿಯೋ ಕಲ್ಲು ಕಟ್ಟಿಯೋ ಮಾಡಿದ ಇಂಗುಗುಂಡಿಗಳವು.

ಎರಡೂ ಬಗೆಗೆ ಸಮಾನವಾದದ್ದು ಪೈಪು. ಅದರಲ್ಲಿ ಮೋಟಾರಿಲ್ಲ, ನೀರು ಇಳಿಜಾರಿನಲ್ಲಿ ತಾನೇ ಹರಿಯಬೇಕು. ಹಾಗಾಗಿ ಗುಂಡಿ ಮನೆಯ ಎತ್ತರದ ಮಗ್ಗುಲಲ್ಲಿ ಇರುವುದು ಅಪರೂಪ. ತಿರುವಿನಲ್ಲಿ ಕಸ ಕಟ್ಟುತ್ತದೆಂದು ಗಾರೆಯವರು ಪೈಪನ್ನು ಆದಷ್ಟು ನೇರವಾಗಿಯೇ ಎಳೆಯುತ್ತಾರೆ. ಪಾಯಿಖಾನೆಯ ಹಿಂಗೋಡೆಯಲ್ಲಿ ನಾಲ್ಕಿಂಚಿನ ಪೈಪು ಎಲ್ಲಿ ಹೊರಬಂದಿದೆ ನೋಡಿ, ಅಲ್ಲಿಂದ ಹುಡುಕಿ. ಹತ್ತಿರದ ಚೇಂಬರ್ ತೆರೆದು ಗಟ್ಟಿ ತಂತಿಯೊಂದನ್ನು ತಡೆಯುವವರೆಗೆ ತೂರಿಸಿ, ಹೊರಗೆಳೆದು ಉದ್ದ ಅಳೆಯಿರಿ. ಚೇಂಬರನ್ನು ಕೇಂದ್ರ ಮಾಡಿ ಅಷ್ಟುದ್ದದ ಹಗ್ಗದಿಂದ ನೆಲದ ಮೇಲೆ ಕಮಾನು ಎಳೆದರೆ, ತಂತಿ ನಡುವೆ ಸಿಕ್ಕಿಕೊಳ್ಳದಿದ್ದಲ್ಲಿ, ಗುಂಡಿಯ ಅಂಚು ಆ ಗೆರೆಯ ಆಸುಪಾಸಿನಲ್ಲೇ ಇರುತ್ತದೆ.

ಇನ್ನು ನೆಲವನ್ನೇ ಓದಬೇಕು. ಅದಕ್ಕೆ ಒಳ್ಳೆಯ ಪಾಠ ಇದೇ ತಾಲ್ಲೂಕಿನಲ್ಲಿದೆ. 1892ರಲ್ಲಿ ಬಿ. ಎಲ್. ರೈಸ್ ಅಶೋಕನ ಶಾಸನಗಳನ್ನು ಗುರುತಿಸಿದ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ. ಪದರ ಪದರವಾಗಿ ಮಣ್ಣನ್ನು ಓದುವುದೇ ಅವನ ವಿದ್ಯೆ. ಒಮ್ಮೆ ಅಗೆದು ತುಂಬಿದ ಮಣ್ಣು ಬಣ್ಣದಲ್ಲಿ, ಬಿಗಿಯಲ್ಲಿ, ಪದರದಲ್ಲಿ ಸುತ್ತಲಿನ ನೆಲದಂತೆ ಇರುವುದಿಲ್ಲ. ಸಾವಿರಾರು ವರ್ಷದ ಹಿಂದೆ ತೋಡಿದ ಕುಳಿಯನ್ನು ಪುರಾತತ್ವಜ್ಞರು ಗುರುತಿಸುವುದು ಹೀಗೆಯೇ. ಮೂವತ್ತು ವರ್ಷದ ಹಿತ್ತಿಲ ಗುಂಡಿಗೂ ಇದೇ ನಿಯಮ. ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಹಿತ್ತಿಲಲ್ಲಿ ತಿರುಗಾಡಿ, ತುಂಬಿದ ಮಣ್ಣು ಕುಗ್ಗಿದ ಕಡೆ ನೀರು ಚೌಕಾಕಾರವಾಗಿ ನಿಂತಿರಬಹುದು.

ಈ ಸೀಮೆಯಲ್ಲಿ ಮಳೆ ಕಡಿಮೆ ಇರುವುದು ಈ ಒಂದು ಕೆಲಸಕ್ಕೆ ಅನುಕೂಲ. ಏಪ್ರಿಲ್ ಬಿಸಿಲಿಗೆ ಹಿತ್ತಿಲೆಲ್ಲ ಒಣಗಿದಾಗ ಇಂಗುವ ನೀರಿನ ಸುತ್ತ ಗರಿಕೆಯೋ ಹರಳು ಗಿಡವೋ ಹಸಿರಾಗಿ ಉಳಿದಿರುತ್ತದೆ. ಆದರೆ ಸ್ಲ್ಯಾಬಿನ ಮೇಲಿನ ಕಥೆ ತದ್ವಿರುದ್ಧ. ಅಲ್ಲಿ ಮಣ್ಣು ತೆಳು, ಕೆಳಗಿನ ತೇವ ಮೇಲೆ ಬರಲು ದಾರಿಯಿಲ್ಲ, ಹುಲ್ಲು ಎಲ್ಲಕ್ಕಿಂತ ಮೊದಲು ಬಾಡುತ್ತದೆ. ಒಣಗಿದ ಚೌಕ, ಅದರ ಪಕ್ಕದಲ್ಲೇ ಹಸಿರು ತೇಪೆ, ಎರಡೂ ಜೊತೆಗೆ ಕಂಡರೆ ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯ ಗುರುತಿಲ್ಲ.

ಬೋರಿಗೆ ಜಾಗ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡು ಇದನ್ನೂ ಹುಡುಕಿಕೊಡುತ್ತೇವೆ ಎನ್ನಬಹುದು. ಜರ್ಮನಿಯ ಮ್ಯೂನಿಕ್ ಬಳಿ 1987-88ರಲ್ಲಿ ಕವೆಗೋಲು ಹಿಡಿದು ನೀರು ಹುಡುಕುವ ನೂರಾರು ಜನರಿಂದ ಆಯ್ದ 43 ಮಂದಿಗೆ, ಕೊಟ್ಟಿಗೆಯ ಕೆಳ ಅಂತಸ್ತಿನಲ್ಲಿಟ್ಟ ಪೈಪನ್ನು ಮೇಲಿನಿಂದ ಪತ್ತೆ ಹಚ್ಚುವ ಪರೀಕ್ಷೆ ಒಡ್ಡಿದ್ದರು. ಆ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದ ಜಿಮ್ ಎನ್‌ರೈಟ್, ಫಲಿತಾಂಶ ಕಣ್ಣುಮುಚ್ಚಿ ಊಹಿಸಿದ್ದಕ್ಕಿಂತ ಮೇಲಲ್ಲ ಎಂದು ತೋರಿಸಿದರು. ಅಂಥವರಿಗೆ ಕೊಡುವ ದುಡ್ಡು ಉಳಿಸಿ.

ಯಂತ್ರ ಬೇಕೆಂದರೆ ಮೂರು ಬಗೆ ಇವೆ. ಲೋಹಶೋಧಕ ಸ್ಲ್ಯಾಬಿನೊಳಗಿನ ಸರಳನ್ನು ಹಿಡಿಯುತ್ತದೆ. ಕಲ್ಲು ಚಪ್ಪಡಿ ಮುಚ್ಚಿದ್ದರೆ ಉಪಯೋಗವಿಲ್ಲ. ನೆಲ ಬಗೆದು ನೋಡುವ ರೇಡಾರ್ ರೇಡಿಯೊ ತರಂಗ ಕಳಿಸಿ ಪ್ರತಿಧ್ವನಿ ಕೇಳುತ್ತದೆ. ಒಣ ಮಣ್ಣಿನಲ್ಲಿ ಅರ್ಧ ಮೀಟರ್ ಆಳದ ಚಪ್ಪಡಿಯಿಂದ ಪ್ರತಿಧ್ವನಿ ಮರಳಲು 8 ನ್ಯಾನೊಸೆಕೆಂಡ್ ಆಸುಪಾಸು ಸಾಕು. ಒಣ ಕೆಮ್ಮಣ್ಣು ಅದಕ್ಕೆ ಒಪ್ಪುತ್ತದೆ, ಹಸಿ ಎರೆಮಣ್ಣು ತರಂಗವನ್ನೇ ನುಂಗಿಬಿಡುತ್ತದೆ. ಮನೆಯವರ ಕೈಗೆಟುಕುವ ಯುಕ್ತಿ ಮೂರನೆಯದು. ಬೆರಳುದ್ದದ ಟ್ರಾನ್ಸ್‌ಮಿಟರನ್ನು ಪೈಪಿನೊಳಗೆ ತೂರಿಸುತ್ತಾರೆ. ಅದು ಸಾಮಾನ್ಯವಾಗಿ 512 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಅಷ್ಟು ಕಡಿಮೆ ಕಂಪನದ ಕಾಂತಕ್ಷೇತ್ರ ಮಣ್ಣನ್ನಷ್ಟೇ ಅಲ್ಲ, ಬೀಡುಕಬ್ಬಿಣದ ಪೈಪನ್ನೂ ದಾಟಿ ಬರುತ್ತದೆ. ಮೇಲೆ ಒಬ್ಬರು ರಿಸೀವರ್ ಹಿಡಿದು ನಡೆಯುತ್ತಾರೆ, ಸದ್ದು ಅತಿ ಜೋರಾದ ಕಡೆ ಗೂಟ ಹೊಡೆಯುತ್ತಾರೆ. ಪೈಪು ಮುಗಿಯುವ ಜಾಗ ಸಿಕ್ಕಿದರೆ ಗುಂಡಿ ಸಿಕ್ಕಿತು.

ಕೊನೆಗೆ ತೆಳ್ಳನೆಯ ಸಲಾಕೆ. ಅದಕ್ಕೂ ಮೊದಲು ಬೋರಿನ ಮೋಟಾರಿಗೆ ಹೋದ ಕೇಬಲ್ ನೆಲದಡಿ ಎಲ್ಲಿದೆಯೆಂದು ಕೇಳಿಕೊಳ್ಳಿ, ಕರೆಂಟ್ ತೆಗೆಸಿ. ಗೋಡೆಯ ಕಡೆಯಿಂದ ಪೈಪಿನ ಜಾಡಿನಲ್ಲೇ ಮೆಲ್ಲಗೆ ಒತ್ತುತ್ತಾ ಹೋಗಿ, ಹಾರೆಯಿಂದ ಕುಟ್ಟಬೇಡಿ. ಅನುಮಾನವಿರುವ ಜಾಗದಲ್ಲಿ ಅಗಲ ಹಲಗೆ ಹಾಕಿಕೊಂಡು ನಿಲ್ಲಿ, ಒಬ್ಬರೇ ಇರಬೇಡಿ.

ಮುಚ್ಚಳ ಸಿಕ್ಕ ಮೇಲೆ ಯಾರೂ ಒಳಗೆ ಇಳಿಯಕೂಡದು, ಯಾರನ್ನೂ ಇಳಿಸಕೂಡದು. ಇಣುಕಲು ಬೆಂಕಿಕಡ್ಡಿಯನ್ನೂ ಗೀರಬಾರದು. ಒಳಗೆ ಮಿಥೇನ್ ಇರುತ್ತದೆ. ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲು ಸೇರುವಷ್ಟರಲ್ಲಿ ಮೂಗು ಸೋತುಹೋಗುತ್ತದೆ. ವಾಸನೆ ಹೋಯಿತೆಂದು ಇಳಿದವರು ಏಳುವುದಿಲ್ಲ, ಅವರನ್ನು ಎತ್ತಲು ಹೋದವರೂ ಏಳುವುದಿಲ್ಲ. ರಕ್ಷಣಾ ಸಲಕರಣೆಯಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಇಂಥ ಸಾವಿಗೆ ಪರಿಹಾರ 30 ಲಕ್ಷ ರೂಪಾಯಿ ಎಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 20ರಂದು ನಿಗದಿಪಡಿಸಿತು. ಜೀವ ಹೋದ ಮೇಲೆ ಬರುವ ದುಡ್ಡದು.

ಬಳಕೆಯಲ್ಲಿರುವ ಗುಂಡಿಯಾದರೆ ಮನೆಯ ಎರಡು ಮೂಲೆಗಳಿಂದ ಮುಚ್ಚಳಕ್ಕಿರುವ ದೂರ ಅಳೆದು ಕ್ರಯಪತ್ರದ ಜೊತೆಗಿಡಿ. ಒಂದೇ ಅಳತೆಯಿಂದ ಜಾಗ ಸಿಗುವುದಿಲ್ಲ, ಎರಡು ಬೇಕು. ಬಳಕೆ ನಿಂತ ಗುಂಡಿಯಾದರೆ ಸಕ್ಕಿಂಗ್ ಗಾಡಿಯಿಂದ ಬರಿದು ಮಾಡಿಸಿ, ಜೆಸಿಬಿಯವರಿಗೆ ಹೇಳಿ ಮೇಲಿನಿಂದಲೇ ಚಪ್ಪಡಿ ತೆಗೆಸಿ, ತಳ ಒಡೆಸಿ. ತಳ ಒಡೆಯದಿದ್ದರೆ ಮಳೆನೀರು ಒಳಗೇ ನಿಲ್ಲುತ್ತದೆ. ಆಮೇಲೆ ಕಲ್ಲು, ಮರಳು, ಮೇಲೆ ಮಣ್ಣು. ಒಂದು ಮಳೆಗಾಲ ಕಳೆದಾಗ ಅಲ್ಲಿ ತಗ್ಗು ಬಿದ್ದಿರುತ್ತದೆ; ಆಗ ಮತ್ತೊಂದಿಷ್ಟು ಮಣ್ಣು ಹಾಕಿಸಬೇಕು.